ಕೆಳಗಿನ ಸೆಟ್ಟು ಯಾಕೆ ನಿಲ್ಲುವುದಿಲ್ಲ? ಇಂಪ್ಲಾಂಟ್ ಹಲ್ಲಿನ ಸೆಟ್ಟಿನ ಬಗ್ಗೆ ಓದುಗರ ಪ್ರಶ್ನೆಗಳು

ಬಾಯಲ್ಲಿ ಒಂದೂ ಹಲ್ಲು ಉಳಿಯದವರು, ಅವರ ಮನೆಯವರು ಬರೆದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಇಂಪ್ಲಾಂಟ್ ಎಂದರೆ ಸೆಟ್ಟನ್ನು ಹಿಡಿದಿಡಲು ದವಡೆ ಮೂಳೆಯೊಳಗೆ ಕೂರಿಸುವ ಲೋಹದ ಸ್ಕ್ರೂ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ. ಉತ್ತರಿಸಿದವರು ಕೃತಕ ದಂತ ವಿಭಾಗದ ವೈದ್ಯರು.

ನಮ್ಮ ತಾಯಿಗೆ 68 ವರ್ಷ. ಮೇಲಿನ ಸೆಟ್ಟು ಗಟ್ಟಿಯಾಗಿ ಕೂರುತ್ತದೆ, ಕೆಳಗಿನದು ಮಾತಾಡಿದರೂ ಎದ್ದು ಬರುತ್ತದೆ. ಮೂರು ಸಲ ಬೇರೆ ಬೇರೆ ಕಡೆ ಹೊಸದು ಮಾಡಿಸಿದ್ದಾಯಿತು. ಪೌಡರ್ ಹಾಕಿ ಅಂಟಿಸಿಕೊಂಡರೂ ಮಧ್ಯಾಹ್ನದ ಹೊತ್ತಿಗೆ ಬಿಟ್ಟುಕೊಳ್ಳುತ್ತದೆ. ಮನೆಯಲ್ಲಿ ಸೆಟ್ಟು ತೆಗೆದಿಟ್ಟು ಮುದ್ದೆ ನುಂಗುತ್ತಾರೆ, ಮದುವೆ ಮುಂಜಿಗೆ ಕರೆದರೆ ಬರುವುದೇ ಇಲ್ಲ. ಮಾಡಿದವರ ಕೈಗುಣ ಸರಿಯಿಲ್ಲವೇ? — ಹಾಸನ

ಮೂವರೂ ಕೆಟ್ಟದಾಗಿ ಮಾಡಿರುವ ಸಾಧ್ಯತೆ ಕಡಿಮೆ. ಕೆಳದವಡೆಯ ರಚನೆಯೇ ಸೆಟ್ಟಿಗೆ ಪ್ರತಿಕೂಲ. ಮೇಲಿನ ಸೆಟ್ಟು ಇಡೀ ಅಂಗುಳವನ್ನು ಮುಚ್ಚುತ್ತದೆ. ಅಂಚು ಸರಿಯಾಗಿ ಕೂತರೆ ಒಳಗೆ ಗಾಳಿ ಹೋಗುವುದಿಲ್ಲ, ಜೊಲ್ಲಿನ ತೆಳುಪದರವೇ ಅದನ್ನು ಹಿಡಿದಿಡುತ್ತದೆ. ಕೆಳಗಿನದು ಬರೀ ಲಾಳದ ಆಕಾರ. ಅದಕ್ಕೆ ಸಿಗುವ ಆಸರೆಯ ಜಾಗ ಮೇಲಿನದರ ಅರ್ಧದಷ್ಟು, ಅದೂ ಒಂದು ಕಡೆ ಕೆನ್ನೆ, ಇನ್ನೊಂದು ಕಡೆ ಸದಾ ಓಡಾಡುವ ನಾಲಿಗೆಯ ನಡುವೆ.

ಇದರ ಮೇಲೆ ಮೂಳೆ ಸವೆತ. ಹಲ್ಲು ಇರುವವರೆಗೆ ಅದರ ಬೇರಿನ ಸುತ್ತಲಿನ ಮೂಳೆಗೆ ಕೆಲಸವಿರುತ್ತದೆ. ಹಲ್ಲು ಕಿತ್ತ ಮೇಲೆ ಆ ಮೂಳೆ ಕರಗತೊಡಗುತ್ತದೆ. ಮೊದಲ ವರ್ಷ ವೇಗ ಹೆಚ್ಚು, ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ಸೆಟ್ಟು ಹಾಕುವವರನ್ನು 25 ವರ್ಷ ಹಿಂಬಾಲಿಸಿ 1972ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೆಳದವಡೆಯ ಮುಂಭಾಗ ಮೇಲಿನದಕ್ಕಿಂತ ಸರಾಸರಿ ನಾಲ್ಕು ಪಟ್ಟು ಹೆಚ್ಚು ಸವೆದಿತ್ತು. ಒಸಡಿನ ದಿಬ್ಬ ತಗ್ಗಾದಷ್ಟೂ ಸೆಟ್ಟಿಗೆ ಹಿಡಿತ ಕಡಿಮೆ. ಹೀಗಾಗಿ ಅದೇ ಅಳತೆಯಲ್ಲಿ ನಾಲ್ಕನೆಯ ಸೆಟ್ಟು ಮಾಡಿಸಿದರೂ ಫಲಿತಾಂಶ ಹೆಚ್ಚು ಬದಲಾಗದು.

ಆದರೂ ಇಂಪ್ಲಾಂಟ್‌ಗೆ ಹೋಗುವ ಮುಂಚೆ ಈಗಿರುವ ಸೆಟ್ಟಿನಲ್ಲಿ ತಿದ್ದಬಹುದಾದ ದೋಷ ಇದೆಯೇ ಎಂದು ನೋಡಲೇಬೇಕು. ಮನೆಯಲ್ಲೇ ಮೂರು ಪರೀಕ್ಷೆ ಮಾಡಿ. ಒಂದು, ಬಾಯಿ ಅರ್ಧ ತೆರೆದು ನಾಲಿಗೆಯನ್ನು ಕೆಳತುಟಿಯವರೆಗೆ ಮಾತ್ರ ಚಾಚಿದಾಗಲೂ ಸೆಟ್ಟು ಎದ್ದರೆ ಅದರ ಒಳಅಂಚು ಉದ್ದವಾಗಿರಬಹುದು. ಇನ್ನೊಂದು, ಒಂದು ಪಕ್ಕದ ದವಡೆಹಲ್ಲಿನ ಮೇಲೆ ಬೆರಳಿಟ್ಟು ಒತ್ತಿದಾಗ ಇನ್ನೊಂದು ಪಕ್ಕ ಮೇಲೇಳುತ್ತಿದ್ದರೆ ತಳ ಒಸಡಿಗೆ ಹೊಂದಿಲ್ಲ. ರೀಲೈನಿಂಗ್ ಮಾಡಿಸಿದರೆ, ಅಂದರೆ ಒಳಮೈಗೆ ಹೊಸ ಪದರ ಹಾಕಿಸಿದರೆ ಸುಧಾರಿಸುತ್ತದೆ. ಕೊನೆಯದು, 'ಸಾಸಿವೆ, ಸಂಸಾರ' ಎಂದು ಬೇಗ ಬೇಗ ಹೇಳಿಸಿ. ಮೇಲಿನ ಕೆಳಗಿನ ಹಲ್ಲು ಟಕಟಕ ಬಡಿದರೆ ಸೆಟ್ಟಿನ ಎತ್ತರ ಜಾಸ್ತಿಯಾಗಿದೆ. 'ಸ' ಹೇಳುವಾಗ ಒಂದೆರಡು ಮಿಲಿಮೀಟರ್ ಸಂದು ಉಳಿಯಬೇಕು. ಎತ್ತರ ಹೆಚ್ಚಾದ ಸೆಟ್ಟಿಗೆ ಇಂಪ್ಲಾಂಟ್ ಕೂರಿಸಿದರೂ ಒಸಡು ನೋಯುತ್ತಲೇ ಇರುತ್ತದೆ.

ಮೂರೂ ಸರಿಯಿದ್ದು, ದಿಬ್ಬ ಮಾತ್ರ ಚಪ್ಪಟೆಯಾಗಿದ್ದರೆ ನಿಮ್ಮ ತಾಯಿಯವರಿಗೆ ಕೆಳದವಡೆಯಲ್ಲಿ ಎರಡು ಇಂಪ್ಲಾಂಟ್ ಹಾಕಿಸುವುದೇ ದಾರಿ. ಪೌಡರನ್ನು ವರ್ಷಗಟ್ಟಲೆ ಡಬ್ಬಿಗಟ್ಟಲೆ ಬಳಸಬೇಡಿ. ಸತು ಇರುವ ಅಂಟನ್ನು ಅತಿಯಾಗಿ ಬಳಸಿದವರಲ್ಲಿ ದೇಹದ ತಾಮ್ರದ ಅಂಶ ಇಳಿದು ನರದೌರ್ಬಲ್ಯ ಬಂದ ಉದಾಹರಣೆಗಳಿವೆ. ಕೊಳ್ಳುವಾಗ ಸತುರಹಿತ ಎಂದು ಬರೆದಿರುವುದನ್ನೇ ನೋಡಿ ಕೊಳ್ಳಿ.

ಒಬ್ಬರು ಎರಡು ಸಾಕು ಅಂದರು, ಇನ್ನೊಬ್ಬರು ಕೆಳಗೆ ಆರು, ಮೇಲೆ ಆರು ಬೇಕೇ ಬೇಕು ಅಂದರು. ಯಾರ ಮಾತು ನಂಬುವುದು? — ದಾವಣಗೆರೆ

ಕೆಳಗಿನ ಸೆಟ್ಟನ್ನು ತೆಗೆದು ಹಾಕುವ ಹಾಗೆಯೇ ಇಟ್ಟುಕೊಂಡು ಅದು ಅಲ್ಲಾಡದಂತೆ ಮಾಡುವುದಷ್ಟೇ ನಿಮ್ಮ ಉದ್ದೇಶವಾದರೆ ಎರಡು ಸಾಕು. ಇದು ಅಗ್ಗದ ಹೊಂದಾಣಿಕೆಯಲ್ಲ. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆಯಾಗಿ ಕೊಡಬೇಕಾದದ್ದು ಎರಡು ಇಂಪ್ಲಾಂಟ್‌ನ ಸೆಟ್ಟು ಎಂದು ಹೇಳಿಕೆ ಹೊರಡಿಸಿದರು. 2009ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಹೊರಬಂದ ಹೇಳಿಕೆ ಅದನ್ನೇ ಬೆಂಬಲಿಸಿತು. ಬರೀ ಸೆಟ್ಟು ಕೊಟ್ಟವರನ್ನೂ ಎರಡು ಇಂಪ್ಲಾಂಟ್ ಸಮೇತ ಕೊಟ್ಟವರನ್ನೂ ಹೋಲಿಸಿದ ಪ್ರಯೋಗಗಳಲ್ಲಿ ಎರಡನೆಯ ಗುಂಪಿನವರಿಗೇ ತೃಪ್ತಿ ಹೆಚ್ಚು ಎಂಬುದು ಮತ್ತೆ ಮತ್ತೆ ಕಂಡುಬಂದಿದೆ.

ಕೆಳಗೆ ಎರಡರ ಬದಲು ನಾಲ್ಕು ಹಾಕಿದರೆ ಹಿಡಿತ ಸ್ವಲ್ಪ ಹೆಚ್ಚುತ್ತದೆ, ನಿಜ. ಆದರೆ ತೃಪ್ತಿ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ನಾಲಿಗೆ ದೊಡ್ಡದಿದ್ದು ಒಸಡು ತೀರ ತೆಳುವಾಗಿದ್ದರೆ, ಅಥವಾ ಎದುರಿಗೆ ಮೇಲೆ ಸ್ವಂತ ಹಲ್ಲುಗಳೇ ಇದ್ದು ಕಡಿತದ ಭಾರ ಹೆಚ್ಚಿದ್ದರೆ ಮೂರು ನಾಲ್ಕು ಹಾಕುವುದಕ್ಕೆ ಕಾರಣವಿದೆ. ಆ ಕಾರಣವನ್ನು ಕೇಳಿ ತಿಳಿದುಕೊಳ್ಳಿ. 'ಹೆಚ್ಚಿದ್ದಷ್ಟೂ ಒಳ್ಳೆಯದು' ಎನ್ನುವುದು ಕಾರಣವಲ್ಲ.

ಮೇಲ್ದವಡೆಯ ಲೆಕ್ಕ ಬೇರೆ. ಅಲ್ಲಿನ ಮೂಳೆ ಮೆದು, ಹಿಂಬದಿಯಲ್ಲಿ ಸೈನಸ್ ಕುಳಿ, ಅಂದರೆ ಮೂಗಿನ ಪಕ್ಕದ ಗಾಳಿಗೂಡು ಅಡ್ಡ ಬರುತ್ತದೆ, ಇಂಪ್ಲಾಂಟ್ ಸೋಲುವ ಪ್ರಮಾಣವೂ ಹೆಚ್ಚು. ಹಾಕಿದರೆ ಕನಿಷ್ಠ ನಾಲ್ಕು ಹಾಕಬೇಕು. ಮೇಲೆ ಚೆನ್ನಾಗಿ ಕೂರುವ ಸಾದಾ ಸೆಟ್ಟು ಇದ್ದರೆ ಇಂಪ್ಲಾಂಟ್‌ನಿಂದ ಅಲ್ಲಿ ಸಿಗುವ ಹೆಚ್ಚಿನ ಲಾಭ ಅಷ್ಟಕ್ಕಷ್ಟೆ. ವಾಂತಿ ಬಂದಂತಾಗಿ ಅಂಗುಳ ಮುಚ್ಚುವ ಸೆಟ್ಟನ್ನು ಸಹಿಸಲಾಗದವರು, ಮೇಲಿನ ಮೂಳೆಯೂ ತೀರ ಸವೆದವರು ಮೇಲ್ದವಡೆಗೆ ಇಂಪ್ಲಾಂಟ್ ಹಾಕಿಸುವ ಬಗ್ಗೆ ಯೋಚಿಸಬೇಕು. ಇರುವ ದುಡ್ಡನ್ನೆಲ್ಲ ಕೆಳದವಡೆಗೆ ಹಾಕಿ ಎಂದೇ ನಮ್ಮ ಸಲಹೆ.

ಈ ಇಂಪ್ಲಾಂಟ್ ಸೆಟ್ಟಿನಲ್ಲಿ ಏನೇನು ಭಾಗ ಇರುತ್ತದೆ, ಮೊದಲ ದಿನದಿಂದ ಕೊನೆಯವರೆಗೆ ಏನು ಮಾಡುತ್ತಾರೆ, ಸ್ವಲ್ಪ ಬಿಡಿಸಿ ಹೇಳಿ. ನೋವು ಎಷ್ಟು? — ಶಿರಸಿ

ಮೂಳೆಯೊಳಗೆ ಹೋಗುವುದು ಟೈಟಾನಿಯಂನ ಸ್ಕ್ರೂ. ಸಾಮಾನ್ಯವಾಗಿ 3.5ರಿಂದ 4.3 ಮಿ.ಮೀ. ದಪ್ಪ, 10ರಿಂದ 12 ಮಿ.ಮೀ. ಉದ್ದ. ಟೈಟಾನಿಯಂಗೆ ಮೂಳೆ ನೇರವಾಗಿ ಬೆಸೆದುಕೊಳ್ಳುತ್ತದೆ ಎಂಬುದನ್ನು ತೋರಿಸಿ ಈ ಚಿಕಿತ್ಸೆಗೆ ತಳಹದಿ ಹಾಕಿದವರು ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್. 1965ರಲ್ಲಿ ಮೊದಲ ರೋಗಿಗೆ ಅಳವಡಿಸಿದರು. ಸ್ಕ್ರೂ ಮೇಲೆ ಒಸಡಿನಿಂದ ತುಸು ಹೊರಗೆ ಕಾಣುವ ಲೋಹದ ತಲೆ. ಸೆಟ್ಟಿನ ಒಳಮೈಯಲ್ಲಿ ಅದಕ್ಕೆ ಸರಿಯಾಗಿ ಕೂರುವ ಪುಟ್ಟ ಲೋಹದ ಬಟ್ಟಲು, ಬಟ್ಟಲಿನೊಳಗೆ ನೈಲಾನ್ ಬಿಲ್ಲೆ. ರವಿಕೆಯ ಪ್ರೆಸ್ ಬಟನ್ ಹೇಗೋ ಹಾಗೆ, ಒತ್ತಿದರೆ ಕೂರುತ್ತದೆ, ಎಳೆದರೆ ಬರುತ್ತದೆ.

ಆ ತಲೆಯಲ್ಲಿ ನಾಲ್ಕು ಬಗೆ. ಗುಂಡು ತಲೆಯದು ಹಳೆಯದು, ಸರಳ. ಲೊಕೇಟರ್ ಎಂದು ಕರೆಯುವ ಗಿಡ್ಡ ತಲೆಯದು ಈಗ ಹೆಚ್ಚು ಬಳಕೆಯಲ್ಲಿದೆ. ಎರಡು ಇಂಪ್ಲಾಂಟ್‌ಗಳನ್ನು ಸರಳಿನಿಂದ ಜೋಡಿಸಿ ಸೆಟ್ಟಿನೊಳಗೆ ಕ್ಲಿಪ್ ಇಡುವುದು ಮೂರನೆಯದು. ಆಯಸ್ಕಾಂತದ್ದು ನಾಲ್ಕನೆಯದು, ಹಿಡಿತ ಕಡಿಮೆ, ಆದರೆ ಕೈಯಲ್ಲಿ ಶಕ್ತಿಯಿಲ್ಲದವರಿಗೆ ಹಾಕಲು ತೆಗೆಯಲು ಸುಲಭ. ಆಯ್ಕೆ ಹೆಚ್ಚಾಗಿ ಜಾಗದ ಮೇಲೆ ನಿಂತಿದೆ. ಇಂಪ್ಲಾಂಟ್‌ನಿಂದ ಕೃತಕ ಹಲ್ಲಿನ ತುದಿಯವರೆಗೆ ಗಿಡ್ಡ ತಲೆಗೆ ಸುಮಾರು 9 ಮಿ.ಮೀ. ಬೇಕು, ಸರಳಿಗೆ 12 ಮಿ.ಮೀ. ಅಥವಾ ಹೆಚ್ಚು. ಜಾಗ ಅಳೆಯದೆ ಸರಳು ಹಾಕಿದರೆ ಅದರ ಮೇಲಿನ ಅಕ್ರಿಲಿಕ್, ಅಂದರೆ ಸೆಟ್ಟಿನ ಪ್ಲಾಸ್ಟಿಕ್ ತೆಳುವಾಗಿ ಸೆಟ್ಟು ಅಲ್ಲೇ ಮುರಿಯುತ್ತದೆ.

ಕ್ರಮ ಹೀಗೆ. ಮೊದಲು ಒಳ್ಳೆಯ ಸೆಟ್ಟು ಇರಬೇಕು. ಇಲ್ಲದಿದ್ದರೆ ಮೊದಲು ಅದನ್ನೇ ಮಾಡಬೇಕು, ಏಕೆಂದರೆ ಹಲ್ಲು ಎಲ್ಲಿ ಬರುತ್ತದೆ ಎಂದು ತಿಳಿದ ಮೇಲೆಯೇ ಇಂಪ್ಲಾಂಟ್ ಎಲ್ಲಿಗೆ ಎಂದು ಗೊತ್ತಾಗುವುದು. ಅನೇಕರು ಇದನ್ನು ತಿರುವುಮುರುವು ಮಾಡುತ್ತಾರೆ. ಇಂಪ್ಲಾಂಟ್ ನಾಲಿಗೆಯ ಕಡೆಗೆ ಸರಿದು, ಸೆಟ್ಟು ಒಳಗಡೆ ಉಬ್ಬಿ ಮಾತು ತೊದಲುತ್ತದೆ. ಆಮೇಲೆ ಸಿಬಿಸಿಟಿ ಸ್ಕ್ಯಾನ್, ಅಂದರೆ ದವಡೆ ಮೂಳೆಯನ್ನು ಮೂರು ಆಯಾಮದಲ್ಲಿ ತೋರಿಸುವ ಎಕ್ಸ್‌ರೇ. ಕೆಳದವಡೆಯಲ್ಲಿ ಗಲ್ಲ, ತುಟಿಗೆ ಹೋಗುವ ನರ ಎರಡೂ ಪಕ್ಕದಲ್ಲಿ ಒಂದೊಂದು ರಂಧ್ರದಿಂದ ಹೊರಬರುತ್ತದೆ. ಆ ಎರಡು ರಂಧ್ರಗಳ ನಡುವೆ, ಕೋರೆಹಲ್ಲು ಇದ್ದ ಜಾಗದಲ್ಲಿ ಅಥವಾ ಅದಕ್ಕಿಂತ ತುಸು ಮುಂದೆ ಇಂಪ್ಲಾಂಟ್ ಕೂರಿಸುತ್ತಾರೆ. ಹಿಂಬದಿ ಸವೆದು ಹೋದವರಲ್ಲೂ ಇಲ್ಲಿ ಮೂಳೆ ಸಾಮಾನ್ಯವಾಗಿ ಉಳಿದಿರುತ್ತದೆ.

ಶಸ್ತ್ರಚಿಕಿತ್ಸೆ ಒಸಡಿಗೆ ಮರಗಟ್ಟಿಸುವ ಸೂಜಿ ಕೊಟ್ಟು ಮಾಡುವಂಥದ್ದು, ಎಚ್ಚರವಾಗಿಯೇ ಇರುತ್ತೀರಿ. ತಣ್ಣನೆಯ ಸಲೈನ್ ಸುರಿಯುತ್ತ ನಿಧಾನವಾಗಿ ಕೊರೆಯಬೇಕು. ಮೂಳೆ 47 ಡಿಗ್ರಿಗಿಂತ ಹೆಚ್ಚು ಬಿಸಿಯಾದರೆ ಅಂಚು ಸತ್ತು ಇಂಪ್ಲಾಂಟ್ ಬೆಸೆಯುವುದಿಲ್ಲ. ಕೆಳದವಡೆಯ ಮುಂಭಾಗದ ಮೂಳೆ ಗಟ್ಟಿ, ಹೀಗಾಗಿ ಈ ಅಪಾಯ ಅಲ್ಲೇ ಹೆಚ್ಚು. ನೋವು ಹೆಚ್ಚಿನವರಿಗೆ ಹಲ್ಲು ಕೀಳಿಸಿದಷ್ಟೆ. ಊತ ಎರಡು ಮೂರನೆಯ ದಿನ ಹೆಚ್ಚಿದ್ದು ಇಳಿಯುತ್ತದೆ. ಮೊದಲ ಒಂದೆರಡು ವಾರ ಕೆಳಗಿನ ಸೆಟ್ಟು ಹಾಕಬಾರದು. ಆಮೇಲೆ ಇಂಪ್ಲಾಂಟ್ ಮೇಲೆ ಬರುವ ಕಡೆ ಸೆಟ್ಟನ್ನು ಒಳಗಿನಿಂದ ಕೆತ್ತಿ ಮೆದು ಲೈನರ್ ಹಾಕಿ ಕೊಡುತ್ತಾರೆ. ಬೆಸೆಯಲು 6ರಿಂದ 12 ವಾರ ಬಿಡಬೇಕು. ಮೇಲ್ದವಡೆಗೆ ಮೂರರಿಂದ ಆರು ತಿಂಗಳು.

ಎರಡು ಲಕ್ಷಣ ಕಂಡರೆ ತಡಮಾಡಬಾರದು. ಸೂಜಿಯ ಅಮಲು ಇಳಿದ ಮೇಲೂ ಗಲ್ಲ, ಕೆಳತುಟಿ ಮರಗಟ್ಟಿಯೇ ಇದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿ. ನರ ಒತ್ತಿಕೊಂಡಿದ್ದರೆ ಇಂಪ್ಲಾಂಟನ್ನು ಬೇಗ ಹಿಂದೆಗೆಯಬೇಕಾಗುತ್ತದೆ. ನಾಲಿಗೆಯ ಕೆಳಗೆ ಊದಿ ನಾಲಿಗೆ ಮೇಲೇರಿದರೆ, ಉಸಿರಿಗೆ ತೊಂದರೆಯಾದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಕೊರೆಯುವಾಗ ಒಳಗೋಡೆ ತೂತಾಗಿ ರಕ್ತನಾಳಕ್ಕೆ ಪೆಟ್ಟು ಬಿದ್ದಾಗ ಹೀಗಾಗುತ್ತದೆ. ಅಪರೂಪ, ಆದರೆ ಪ್ರಾಣಕ್ಕೆ ಬರುವಂಥದ್ದು.

ಕೊನೆಯ ಹಂತದ ಹೆಸರು ಪಿಕಪ್, ಅಂದರೆ ಬಟ್ಟಲನ್ನು ಸೆಟ್ಟಿನೊಳಗೆ ಕೂಡಿಸುವ ಕೆಲಸ. ಇಂಪ್ಲಾಂಟ್ ತಲೆಯ ಮೇಲೆ ಬಿಳಿ ರಬ್ಬರ್ ಉಂಗುರ, ಅದರ ಮೇಲೆ ಕಪ್ಪು ತಾತ್ಕಾಲಿಕ ಬಿಲ್ಲೆಯಿರುವ ಬಟ್ಟಲು ಇಡುತ್ತಾರೆ. ಸೆಟ್ಟಿನಲ್ಲಿ ಅಷ್ಟಗಲ ಗುಳಿ ಮಾಡಿ, ನಾಲಿಗೆಯ ಕಡೆ ಸಣ್ಣ ತೂತು ಬಿಟ್ಟು, ಗುಳಿಗೆ ಅಕ್ರಿಲಿಕ್ ಹಾಕಿ ಬಾಯಲ್ಲಿ ಕೂರಿಸುತ್ತಾರೆ. ಹೆಚ್ಚಾದದ್ದು ತೂತಿನಿಂದ ಹೊರಬರುತ್ತದೆ. ಇಲ್ಲಿ ಎರಡು ತಪ್ಪು ಸಾಮಾನ್ಯ. ಉಂಗುರ ಸರಿಯಾಗಿ ಕೂರದಿದ್ದರೆ ಅಕ್ರಿಲಿಕ್ ತಲೆಯ ಕೆಳಗೆ ಹರಿದು ಗಟ್ಟಿಯಾಗಿ ಸೆಟ್ಟು ಬಾಯಲ್ಲೇ ಬೀಗ ಬೀಳುತ್ತದೆ, ಕೊರೆದೇ ತೆಗೆಯಬೇಕು. ಇನ್ನೊಂದು, 'ಗಟ್ಟಿಯಾಗಿ ಕಚ್ಚಿ ಹಿಡಿಯಿರಿ' ಎಂದು ಹೇಳುವುದು. ಗಟ್ಟಿಯಾಗಿ ಕಚ್ಚಿದಾಗ ಒಸಡು ಅದುಮಿಕೊಂಡಿರುತ್ತದೆ. ಬಿಟ್ಟಾಗ ಒಸಡು ಹಿಗ್ಗಿ ಸೆಟ್ಟನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ, ಬಿಲ್ಲೆ ಬೇಗ ಸವೆಯುತ್ತದೆ. ಹಲ್ಲಿಗೆ ಹಲ್ಲು ಹಗುರವಾಗಿ ತಾಗಿಸಿಕೊಂಡಿದ್ದರೆ ಸಾಕು.

ಹಾಕಿಸಿ ಎಂಟು ತಿಂಗಳಾಯಿತು. ಮೊದಲು 'ಟಕ್' ಎಂದು ಕೂರುತ್ತಿತ್ತು, ಈಗ ಸಡಿಲ. ಇಂಪ್ಲಾಂಟ್ ಹಾಳಾಯಿತೇ? — ಕಲಬುರಗಿ

ಬಹುಮಟ್ಟಿಗೆ ಇಲ್ಲ. ಸವೆದಿರುವುದು ನೈಲಾನ್ ಬಿಲ್ಲೆ. ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ, ಕೆಲವರಿಗೆ ಇನ್ನೂ ಬೇಗ. ಕುರ್ಚಿಯಲ್ಲಿ ಕೂತು ಕೆಲವೇ ನಿಮಿಷದ ಕೆಲಸ. ಬಿಲ್ಲೆಗೆ ಬಣ್ಣವೇ ಗುರುತು. ಲೊಕೇಟರ್‌ನಲ್ಲಿ ನೀಲಿಯ ಹಿಡಿತ ಸುಮಾರು 0.7 ಕಿಲೋ, ಗುಲಾಬಿಯದು 1.4, ಬಣ್ಣವಿಲ್ಲದ್ದರದು 2.3. ಎರಡು ಇಂಪ್ಲಾಂಟ್ ಒಂದಕ್ಕೊಂದು ಓರೆಯಾಗಿದ್ದವರಿಗೆ ಹಸಿರು, ಕಿತ್ತಳೆ, ಕೆಂಪು ಬಿಲ್ಲೆಗಳು. ನಿಮಗೆ ಯಾವುದು ಹಾಕಿದ್ದಾರೆಂದು ಕೇಳಿ ಬರೆದಿಟ್ಟುಕೊಳ್ಳಿ. ಊರು ಬದಲಾದರೆ ಈ ಒಂದು ಸಾಲು ಬಹಳ ಕೆಲಸಕ್ಕೆ ಬರುತ್ತದೆ. ಇಂಪ್ಲಾಂಟ್‌ನ ಕಂಪನಿ, ಅಳತೆ, ಲಾಟ್ ಸಂಖ್ಯೆ ಇರುವ ಸ್ಟಿಕ್ಕರನ್ನೂ ಕೇಳಿ ಪಡೆಯಿರಿ.

ಬಿಲ್ಲೆ ಎಂಟು ತಿಂಗಳಿಗೇ ಸವೆಯಲು ಕಾರಣ ಹುಡುಕಬೇಕು. ತುಂಬ ಜನ ಸೆಟ್ಟನ್ನು ಬಾಯಲ್ಲಿಟ್ಟು ಹಲ್ಲು ಕಚ್ಚಿ ಕೂರಿಸುತ್ತಾರೆ. ಅದು ಓರೆಯಾಗಿ ಇಳಿದು ಬಿಲ್ಲೆಯ ಅಂಚು ಕತ್ತರಿಸುತ್ತದೆ. ಎರಡು ಹೆಬ್ಬೆರಳಿನಿಂದ ಎರಡೂ ಪಕ್ಕ ಒಟ್ಟಿಗೆ ಒತ್ತಿ, ತೆಗೆಯುವಾಗಲೂ ಎರಡೂ ಪಕ್ಕ ಒಟ್ಟಿಗೆ ಎತ್ತಿ. ಲೋಹದ ತಲೆಯ ಮಧ್ಯದ ಗುಳಿಯಲ್ಲಿ ಅನ್ನದ ಅಗುಳೋ ರವೆಯೋ ಕೂತು ಗಟ್ಟಿಯಾದರೂ ಸೆಟ್ಟು ಪೂರ್ತಿ ಇಳಿಯುವುದಿಲ್ಲ. ಕನ್ನಡಿ ಹಿಡಿದು ನೋಡಿದರೆ ಕಾಣುತ್ತದೆ.

ಹೊಸ ಬಿಲ್ಲೆ ಹಾಕಿದರೂ ತಿಂಗಳೊಳಗೆ ಮತ್ತೆ ಸಡಿಲವಾದರೆ ದೋಷ ಹಿಂಭಾಗದಲ್ಲಿದೆ. ಇಂಪ್ಲಾಂಟ್ ಇಲ್ಲದ ಹಿಂದಿನ ಮೂಳೆ ಸವೆಯುತ್ತಲೇ ಇರುತ್ತದೆ, ಸೆಟ್ಟು ಹಿಂದಕ್ಕೆ ಕುಸಿದು ತೂಗುಯ್ಯಾಲೆಯಾಡುತ್ತದೆ. ಅದಕ್ಕೆ ರೀಲೈನಿಂಗ್ ಬೇಕು, ಬಿಲ್ಲೆಯಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಇದನ್ನು ನಿರೀಕ್ಷಿಸಿಯೇ ಇರಬೇಕು. ಸೆಟ್ಟು ಸರಿಯಾಗಿ ಇಂಪ್ಲಾಂಟ್ ಇರುವ ಕಡೆಯೇ ಬಿರುಕು ಬಿಡುವುದೂ ಉಂಟು, ಅಲ್ಲಿ ಗುಳಿ ಮಾಡಿದ್ದರಿಂದ ಅಕ್ರಿಲಿಕ್ ತೆಳು. ಒಳಗೆ ಲೋಹದ ಜಾಲ ಹಾಕಿ ಮಾಡಿಸಿದ್ದರೆ ಈ ಕಾಟ ಕಡಿಮೆ.

ಇಂಪ್ಲಾಂಟೇ ಹಾಳಾಗುತ್ತಿದ್ದರೆ ಲಕ್ಷಣ ಬೇರೆ: ಸುತ್ತ ಒಸಡು ಕೆಂಪಾಗಿ ಊದುತ್ತದೆ, ಬ್ರಷ್ ತಾಗಿದರೆ ರಕ್ತ, ಒತ್ತಿದರೆ ಕೀವು. ಲೋಹದ ತಲೆ ಅಲುಗಿದರೆ ಅದು ಬರೀ ತಲೆಯ ಸ್ಕ್ರೂ ಸಡಿಲವಾದದ್ದೂ ಇರಬಹುದು, ಅದನ್ನು ಬಿಗಿಸಬಹುದು. ಮೂಳೆಯೊಳಗಿನದೇ ಅಲುಗುತ್ತಿದ್ದರೆ ತೆಗೆಯಲೇಬೇಕು.

ಸೆಟ್ಟನ್ನೂ ಆ ಗುಂಡಿಗಳನ್ನೂ ತೊಳೆಯುವುದು ಹೇಗೆ? — ಕುಂದಾಪುರ

ಸೆಟ್ಟಿಗೆ ಮೆದು ಬ್ರಷ್, ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಸಾದಾ ಸೋಪು. ಟೂತ್‌ಪೇಸ್ಟ್ ಅಕ್ರಿಲಿಕ್ಕನ್ನು ಗೀಚುತ್ತದೆ, ಗೀಚಿದಲ್ಲಿ ಕೊಳೆ ನಿಲ್ಲುತ್ತದೆ. ಬಿಸಿನೀರು ಸೆಟ್ಟಿನ ಆಕಾರ ಕೆಡಿಸುತ್ತದೆ. ಬ್ಲೀಚ್ ಲೋಹಕ್ಕೂ ನೈಲಾನಿಗೂ ಒಳ್ಳೆಯದಲ್ಲ. ಬಕೆಟ್‌ನಲ್ಲಿ ನೀರಿಟ್ಟುಕೊಂಡು ಅದರ ಮೇಲೆ ಹಿಡಿದು ತೊಳೆಯಿರಿ, ಕೈಜಾರಿದರೆ ಒಡೆಯುವುದಿಲ್ಲ. ಬಾಯೊಳಗಿನ ಲೋಹದ ತಲೆಗಳ ಸುತ್ತ, ಮುಖ್ಯವಾಗಿ ನಾಲಿಗೆಯ ಕಡೆ, ದಿನಕ್ಕೆ ಎರಡು ಸಲ ಮಕ್ಕಳ ಬ್ರಷ್ಷಿನಲ್ಲಿ ಒಸಡಿನ ಅಂಚಿಗೆ ತಾಗುವಂತೆ ಉಜ್ಜಿ. ರಾತ್ರಿ ಸೆಟ್ಟು ತೆಗೆದು ನೀರಿನಲ್ಲಿಡಿ. ಹಗಲೂ ರಾತ್ರಿ ಹಾಕಿಕೊಂಡೇ ಇರುವವರ ಒಸಡಿಗೆ ಫಂಗಸ್ ತಗಲಿ ಕೆಂಪಾಗುತ್ತದೆ. ಆರು ತಿಂಗಳಿಗೊಮ್ಮೆ ತೋರಿಸಿ.

ನಮ್ಮ ತಂದೆಗೆ 79. ಸಕ್ಕರೆ ಕಾಯಿಲೆ ಇದೆ, ಸ್ಟೆಂಟ್ ಹಾಕಿ ಮೂರು ವರ್ಷವಾಯಿತು, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಾರೆ. ಎಲೆ ಅಡಿಕೆ ಬಿಟ್ಟಿಲ್ಲ. ಈ ವಯಸ್ಸಿನಲ್ಲಿ ಬೇಕೇ? — ಮಂಡ್ಯ

ವಯಸ್ಸೊಂದೇ ಅಡ್ಡಿಯಲ್ಲ. ಮೂಳೆ ಬೆಸೆಯುವುದರಲ್ಲಿ 79ಕ್ಕೂ 59ಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿ, ಅಂದರೆ ಎಚ್‌ಬಿಎ1ಸಿ, 7ರ ಆಸುಪಾಸು ಇದ್ದರೆ ನಿಶ್ಚಿಂತೆ. 8 ದಾಟಿದ್ದರೆ ಮೊದಲು ಅದನ್ನು ಇಳಿಸಿಕೊಂಡು ಬನ್ನಿ. ಆಸ್ಪಿರಿನ್, ಕ್ಲೋಪಿಡೊಗ್ರೆಲ್‌ನಂಥ ಮಾತ್ರೆಗಳನ್ನು ಯಾರೋ ಹೇಳಿದರೆಂದು ನಿಲ್ಲಿಸಬೇಡಿ. ಒಸಡಿನ ರಕ್ತವನ್ನು ಒತ್ತಿ ಹಿಡಿದು, ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟ್ ಕಟ್ಟಿಕೊಂಡರೆ ಅದು ಬೇರೆಯೇ ಕಥೆ. ವಾರ್ಫರಿನ್ ಆಗಿದ್ದರೆ ಹಿಂದಿನ ದಿನ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಪರೀಕ್ಷೆ ಮಾಡಿಸಿ ಹೃದಯದ ವೈದ್ಯರಿಂದ ಒಪ್ಪಿಗೆ ಪಡೆಯಿರಿ.

ನೀವು ಬರೆಯದ, ಆದರೆ ಎಲ್ಲರೂ ಹೇಳಲೇಬೇಕಾದ ವಿಷಯ ಇನ್ನೆರಡು ಇವೆ. ಇಡೀ ಮೈಯ ಮೂಳೆ ಟೊಳ್ಳಾಗುವ ಕಾಯಿಲೆಗೆ (ಆಸ್ಟಿಯೋಪೊರೋಸಿಸ್) ಜೊಲೆಂಡ್ರೊನೇಟ್ ಅಥವಾ ಡೆನೊಸುಮಾಬ್ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಕೊರೆದ ದವಡೆ ಮೂಳೆ ಮಾಯದೆ ಸಾಯುವ ಅಪಾಯವಿದೆ. ಕ್ಯಾನ್ಸರಿಗಾಗಿ ಅದನ್ನು ಪಡೆಯುವವರಲ್ಲಿ ಅಪಾಯ ಇನ್ನೂ ಹೆಚ್ಚು, ಅವರಿಗೆ ಇಂಪ್ಲಾಂಟ್ ಬೇಡವೇ ಬೇಡ. ದವಡೆಗೆ ರೇಡಿಯೇಷನ್ ಆಗಿದ್ದರೂ ಇದೇ ಎಚ್ಚರ ಬೇಕು. ಮೂಳೆ ಟೊಳ್ಳಿಗೆ ಕೊಡುವ ಇಂಜೆಕ್ಷನ್ ವರ್ಷಕ್ಕೆ ಒಂದೋ ಎರಡೋ ಇರುವುದರಿಂದ 'ಏನು ಮಾತ್ರೆ ತಗೋತೀರಿ' ಎಂದು ಕೇಳಿದಾಗ ಜನ ಅದನ್ನು ಮರೆತೇಬಿಡುತ್ತಾರೆ.

ಎಲೆ ಅಡಿಕೆಯ ಜತೆ ಹೊಗೆಸೊಪ್ಪು ಇದ್ದರೆ ಬಿಡಲೇಬೇಕು, ಬೀಡಿ ಸಿಗರೇಟೂ ಅಷ್ಟೆ. ಇಂಪ್ಲಾಂಟ್ ಸೋಲಲು ದೊಡ್ಡ ಕಾರಣಗಳಲ್ಲಿ ಅದೊಂದು. ಬರೀ ಅಡಿಕೆಯಾದರೂ ವರ್ಷಗಟ್ಟಲೆ ಜಗಿದವರ ಕೆನ್ನೆ ಬಿಗಿದು ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಮೂರು ಬೆರಳು ನೆಟ್ಟಗೆ ಬಾಯೊಳಗೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ ಅದಕ್ಕೆ ಮೊದಲು ಚಿಕಿತ್ಸೆ, ಆಮೇಲೆ ಇದು.

ಬೇಕೇ ಎಂಬುದಕ್ಕೆ ಉತ್ತರ ನಿಮ್ಮ ತಂದೆಯವರೇ ಕೊಡಬೇಕು. ಈಗಿರುವ ಸೆಟ್ಟಿನಲ್ಲೇ ಅವರು ಸುಖವಾಗಿದ್ದರೆ ಮಕ್ಕಳ ಒತ್ತಾಯಕ್ಕೆ ಹಾಕಿಸಬೇಡಿ. ಕೈ ನಡುಕ, ಮರೆವು ಇದ್ದರೂ ಎರಡು ಸಲ ಯೋಚಿಸಿ: ದಿನಾ ತೊಳೆಯುವವರು ಯಾರು?

ಇಂಪ್ಲಾಂಟ್ ಹಾಕಿಸಿದರೆ ಸ್ವಂತ ಹಲ್ಲಿನ ಹಾಗೆ ಎಲ್ಲ ತಿನ್ನಬಹುದೇ? ಜೀವನವೇ ಬದಲಾಗುತ್ತದೆ ಎಂದು ಜಾಹೀರಾತು ಹೇಳುತ್ತದೆ. — ಧಾರವಾಡ

ಸ್ವಂತ ಹಲ್ಲಿನ ಹಾಗೆ, ಇಲ್ಲ. ಸಾದಾ ಸೆಟ್ಟಿನವರ ಕಚ್ಚುವ ಬಲ ಸ್ವಂತ ಹಲ್ಲಿನವರ ಕಾಲುಭಾಗಕ್ಕೂ ಇಳಿದಿರುತ್ತದೆ. ಎರಡು ಇಂಪ್ಲಾಂಟ್‌ನಿಂದ ಅದು ಗಣನೀಯವಾಗಿ ಏರುತ್ತದೆ, ಆದರೆ ಪೂರ್ತಿ ಮರಳುವುದಿಲ್ಲ. ಹಿಂಬದಿಯ ಭಾರ ಈಗಲೂ ಒಸಡಿನ ಮೇಲೆಯೇ ಬೀಳುತ್ತದೆ. ಧಾರವಾಡದ ಲೆಕ್ಕದಲ್ಲಿ ಹೇಳುವುದಾದರೆ ಬಿಸಿ ಜೋಳದ ರೊಟ್ಟಿ, ಪಲ್ಯ, ಸೌತೆಕಾಯಿ, ಶೇಂಗಾ ಚಟ್ನಿ ನಿರಾತಂಕ. ಶೇಂಗಾವನ್ನು ಇಡಿಯಾಗಿ ತಿನ್ನಲೂ ಹೆಚ್ಚಿನವರಿಗೆ ಬರುತ್ತದೆ. ಕಟಕ ರೊಟ್ಟಿ, ಚಕ್ಕುಲಿಯನ್ನು ಮುರಿದು ಎರಡೂ ಪಕ್ಕ ಹಂಚಿಕೊಂಡು ಜಗಿಯಬೇಕು. ಕಬ್ಬು ಸಿಗಿಯುವುದು, ಒಣಕೊಬ್ಬರಿಯನ್ನು ಮುಂದಿನ ಹಲ್ಲಲ್ಲಿ ಕಚ್ಚುವುದು ಬೇಡ. ಮುಂದಕ್ಕೆ ಭಾರ ಬಿದ್ದಾಗ ಸೆಟ್ಟು ಇಂಪ್ಲಾಂಟ್‌ಗಳನ್ನೇ ಅಚ್ಚು ಮಾಡಿಕೊಂಡು ತಿರುಗಿ ಹಿಂದೆ ಏಳುತ್ತದೆ. ಸೀಬೆ, ಸೇಬನ್ನು ಹೋಳು ಮಾಡಿ ಹಿಂದಿನ ಹಲ್ಲಿಗೆ ಕೊಡಿ.

ಬದುಕಿನ ಗುಣಮಟ್ಟ ಎನ್ನುವುದನ್ನು ಅಳೆಯಲು ಸಂಶೋಧಕರು ಪ್ರಶ್ನಾವಳಿ ಬಳಸುತ್ತಾರೆ. ಒಎಚ್‌ಐಪಿ ಎಂಬುದು ಹೆಚ್ಚು ಬಳಕೆಯಲ್ಲಿದೆ; ಮೂಲದಲ್ಲಿ 49 ಪ್ರಶ್ನೆ, ಹಲ್ಲಿಲ್ಲದವರಿಗೆಂದೇ ಇರುವ ರೂಪದಲ್ಲಿ 19. ಜಗಿಯುವುದು ಕಷ್ಟವೇ, ಊಟ ಅರ್ಧಕ್ಕೆ ಬಿಡುತ್ತೀರಾ, ನೋವಿದೆಯೇ, ಜನರ ನಡುವೆ ಸಂಕೋಚವೇ, ಹೊರಗೆ ಹೋಗುವುದು ಬಿಟ್ಟಿದ್ದೀರಾ ಎಂಬಂಥವು. ಇಂಪ್ಲಾಂಟ್ ಆದವರ ಉತ್ತರ ಸುಧಾರಿಸುವುದು ನೋವು, ಜಗಿತ, ಸಂಕೋಚ ಈ ಮೂರರಲ್ಲೂ. ಮಾತಿನ ಮಧ್ಯೆ ಸೆಟ್ಟು ಬಿದ್ದೀತು ಎಂಬ ಹೆದರಿಕೆ ಹೋಗುವುದೇ ಹಲವರಿಗೆ ಊಟಕ್ಕಿಂತ ದೊಡ್ಡದು. ಚಿಕಿತ್ಸೆಗೆ ಮುಂಚೆ ಯಾರಿಗೆ ತೊಂದರೆ ಹೆಚ್ಚಿತ್ತೋ ಅವರಿಗೇ ಲಾಭ ಹೆಚ್ಚು.

ಜಾಹೀರಾತು ಹೇಳದ್ದೂ ಇದೆ. ಜಗಿಯಲು ಬಂದ ಮಾತ್ರಕ್ಕೆ ಊಟ ಬದಲಾಗುವುದಿಲ್ಲ. ಹತ್ತು ವರ್ಷ ಅನ್ನ ತಿಳಿಸಾರಿಗೆ ಒಗ್ಗಿದವರು ಹೊಸ ಸೆಟ್ಟು ಬಂದ ಮೇಲೂ ಅದನ್ನೇ ಉಣ್ಣುತ್ತಾರೆ. ಪೋಷಣೆಯನ್ನು ಅಳೆದ ಅಧ್ಯಯನಗಳಲ್ಲಿ ದೊಡ್ಡ ವ್ಯತ್ಯಾಸ ಕಾಣದಿರಲು ಇದೊಂದು ಕಾರಣ. ಕೋಸಂಬರಿ, ಮೊಳಕೆಕಾಳು, ಹಣ್ಣನ್ನು ಬೇಕೆಂದೇ ತಟ್ಟೆಗೆ ತರಬೇಕು, ಮನೆಯವರು ಇದನ್ನು ನೆನಪಿಡಿ. ಕೆಳಗಿನದು ಗಟ್ಟಿಯಾದ ಕೂಡಲೇ 'ಮೇಲಿನದು ಸಡಿಲವಾಯಿತು' ಎಂಬ ದೂರು ಬರುವುದೂ ಸಾಮಾನ್ಯ. ಈಗ ಮುಂದಿನ ಹಲ್ಲಲ್ಲೇ ಬಲವಾಗಿ ಕಚ್ಚತೊಡಗಿರುತ್ತಾರೆ, ಮೇಲಿನ ಸೆಟ್ಟಿನ ಹಿಂದಿನ ಅಂಚು ಬಿಟ್ಟುಕೊಳ್ಳುತ್ತದೆ. ಕಚ್ಚುವ ಹೊಂದಿಕೆ ತಿದ್ದಿಸಿದರೆ, ಬೇಕಾದರೆ ಮೇಲಿನದಕ್ಕೆ ರೀಲೈನಿಂಗ್ ಮಾಡಿಸಿದರೆ ಸರಿಹೋಗುತ್ತದೆ.

ಭಜನೆ ಹಾಡುತ್ತೇನೆ. ಹೊಸ ಸೆಟ್ಟಿನಲ್ಲಿ 'ಸ' ಶಿಳ್ಳೆಯಾಗುತ್ತದೆ, 'ತ, ದ' ಮೊಂಡಾಗಿ ಬರುತ್ತದೆ. — ಉಡುಪಿ

'ತ, ದ, ನ' ಹೇಳುವಾಗ ನಾಲಿಗೆಯ ತುದಿ ಮೇಲಿನ ಬಾಚಿಹಲ್ಲಿನ ಹಿಂದೆ ತಾಗುತ್ತದೆ. ಅಲ್ಲಿ ಅಕ್ರಿಲಿಕ್ ದಪ್ಪವಾಗಿದ್ದರೆ ಅಕ್ಷರ ಮೊಂಡಾಗುತ್ತದೆ. ಆ ಜಾಗವನ್ನು ಅರ್ಧ ಮಿಲಿಮೀಟರಿನಷ್ಟು ತೆಳು ಮಾಡಿ ಪಾಲಿಶ್ ಹಾಕಿಸಿ. ಶಿಳ್ಳೆಗೆ ಕಾರಣ ಅದೇ ಜಾಗದಲ್ಲಿ ಗಾಳಿ ಹೋಗುವ ಸಂದು ಕಿರಿದಾಗಿರುವುದು. ಎರಡು ಮೂರು ವಾರ ದಿನಾ ಗಟ್ಟಿಯಾಗಿ ಓದಿ, ನಾಲಿಗೆ ತಾನೇ ಒಗ್ಗಿಕೊಳ್ಳುವುದು ಹೆಚ್ಚು. ಅದಾದ ಮೇಲೂ ಉಳಿದರೆ ತಿದ್ದಿಸಿ. ಮೊದಲ ವಾರವೇ ಕೆತ್ತಿಸಿಕೊಳ್ಳಬೇಡಿ, ಕೆತ್ತಿದ್ದನ್ನು ಮತ್ತೆ ತುಂಬುವುದು ಸುಲಭವಲ್ಲ.

ತೆಗೆದು ಹಾಕುವ ರಗಳೆಯೇ ಬೇಡ, ಖಾಯಂ ಹಲ್ಲು ಒಂದೇ ದಿನದಲ್ಲಿ ಎನ್ನುತ್ತಾರಲ್ಲ? ಸಣ್ಣ ಇಂಪ್ಲಾಂಟ್ ಅಗ್ಗವಂತೆ? — ಬೆಂಗಳೂರು

ನಾಲ್ಕು ಇಂಪ್ಲಾಂಟ್ ಹಾಕಿ, ಹಿಂದಿನ ಎರಡನ್ನು ಓರೆಯಾಗಿ ಕೂರಿಸಿ ಸ್ಕ್ರೂನಿಂದ ಬಿಗಿಯುವ ಪದ್ಧತಿ ಅದು. ಪೋರ್ಚುಗಲ್‌ನ ಪೌಲೊ ಮಾಲೊ ಅವರಿಂದ ಜನಪ್ರಿಯವಾಯಿತು. ಕೆಲಸ ಚೆನ್ನಾಗಿಯೇ ಆಗುತ್ತದೆ. ಒಂದೇ ದಿನಕ್ಕೆ ಕೂರಿಸುವುದು ತಾತ್ಕಾಲಿಕ ಅಕ್ರಿಲಿಕ್ ಹಲ್ಲು, ಖಾಯಂದು ತಿಂಗಳುಗಳ ನಂತರ. ಆ ತಿಂಗಳುಗಳಲ್ಲಿ ಮೆತ್ತನೆಯ ಆಹಾರ ಮಾತ್ರ. ಖರ್ಚು ಎರಡು ಇಂಪ್ಲಾಂಟ್‌ನ ಸೆಟ್ಟಿನ ಹಲವು ಪಟ್ಟು. ನೀವೇ ತೆಗೆಯಲು ಬಾರದ್ದರಿಂದ ಕೆಳಗೆ ಸಿಕ್ಕಿದ ಆಹಾರವನ್ನು ಸಣ್ಣ ಬ್ರಷ್ಷಿನಿಂದ, ನೀರಿನ ಚಿಮ್ಮುಗದಿಂದ ದಿನಾ ತೆಗೆಯಬೇಕು. ಕಣ್ಣು ಮಂದವಾದವರಿಗೆ ಇದು ಕಷ್ಟ. ಮೇಲಿನ ಮೂಳೆ ಬಹಳ ಸವೆದಿದ್ದರೆ ತುಟಿಗೆ ಆಸರೆ ಕೊಡುವ ಅಂಚು ಖಾಯಂ ಹಲ್ಲಿನಲ್ಲಿರುವುದಿಲ್ಲ, ತುಟಿ ಒಳಗೆ ಹೋದಂತೆ ಕಾಣುತ್ತದೆ.

3 ಮಿ.ಮೀ.ಗಿಂತ ಸಪೂರದ ಮಿನಿ ಇಂಪ್ಲಾಂಟ್ ಮೂಳೆಯ ಅಗಲ ಕಡಿಮೆಯಿರುವ, ದೊಡ್ಡ ಶಸ್ತ್ರಚಿಕಿತ್ಸೆ ತಾಳಲಾರದ ಹಿರಿಯರಿಗೆ ಉಪಯೋಗ. ಆದರೆ ಕೆಳದವಡೆಗೆ ಎರಡು ಸಾಲದು, ನಾಲ್ಕು ಬೇಕು. ನಾಲ್ಕರ ಲೆಕ್ಕ ಹಾಕಿ ಬೆಲೆ ಹೋಲಿಸಿ.

ಖರ್ಚು ಎಷ್ಟಾಗುತ್ತದೆ? ಸರ್ಕಾರದ ಸಹಾಯ ಇದೆಯೇ? — ರಾಯಚೂರು, ಚಾಮರಾಜನಗರ

ಖಾಸಗಿಯಲ್ಲಿ ಒಂದು ಇಂಪ್ಲಾಂಟ್‌ಗೆ ಸಾಮಾನ್ಯವಾಗಿ 20,000ದಿಂದ 50,000 ರೂಪಾಯಿ. ಕಂಪನಿಯ ಮೇಲೆ ಹೋಗುತ್ತದೆ. ದರ ಕೇಳುವಾಗ ಲೋಹದ ತಲೆ, ಬಟ್ಟಲು, ಸ್ಕ್ಯಾನ್, ಹೊಸ ಸೆಟ್ಟು, ಮೊದಲ ವರ್ಷದ ಬಿಲ್ಲೆ ಎಲ್ಲ ಸೇರಿದೆಯೇ ಎಂದು ಬರೆಸಿಕೊಳ್ಳಿ. ಬರೀ ಸ್ಕ್ರೂವಿನ ಬೆಲೆ ಹೇಳಿ ಆಮೇಲೆ ಒಂದೊಂದೇ ಸೇರಿಸುವುದು ಕಾಣುತ್ತದೆ. ದಂತ ವೈದ್ಯಕೀಯ ಕಾಲೇಜುಗಳ ಕೃತಕ ದಂತ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ನಿಗಾದಲ್ಲಿ ಮಾಡುತ್ತಾರೆ, ದರ ಗಣನೀಯವಾಗಿ ಕಡಿಮೆ, ಓಡಾಟ ಜಾಸ್ತಿ. ಕರ್ನಾಟಕ ಸರ್ಕಾರದ ದಂತ ಭಾಗ್ಯ ಯೋಜನೆ ಬಿಪಿಎಲ್ ಕುಟುಂಬದವರಿಗೆ ಉಚಿತ ಸೆಟ್ಟಿಗೆಂದು ಬಂದದ್ದು, ಇಂಪ್ಲಾಂಟ್‌ಗಲ್ಲ. ಸದ್ಯದ ವಯಸ್ಸಿನ ಮಿತಿ, ಬೇಕಾದ ದಾಖಲೆಗಳನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ಸೆಟ್ಟು ಅಲ್ಲಿ ಮಾಡಿಸಿಕೊಂಡು, ಅದು ಸರಿಯಾಗಿ ಕೂತ ಮೇಲೆ ಅದಕ್ಕೇ ಎರಡು ಇಂಪ್ಲಾಂಟ್ ಬೇರೆ ಕಡೆ ಹಾಕಿಸುವುದಕ್ಕೂ ತಾಂತ್ರಿಕವಾಗಿ ಅಡ್ಡಿಯಿಲ್ಲ, ಸೆಟ್ಟಿನಲ್ಲಿ ಬಟ್ಟಲಿಗೆ ಬೇಕಾದಷ್ಟು ದಪ್ಪ ಇರಬೇಕು ಅಷ್ಟೆ.

ಇಂಪ್ಲಾಂಟ್ ಇದ್ದರೆ ಎಂಆರ್‌ಐ ಮಾಡಿಸಬಹುದೇ? — ಮೈಸೂರು

ಮಾಡಿಸಬಹುದು. ಟೈಟಾನಿಯಂ ಅನ್ನು ಆಯಸ್ಕಾಂತ ಎಳೆಯುವುದಿಲ್ಲ. ಸೆಟ್ಟನ್ನು ಹೊರಗೆ ತೆಗೆದಿಡಿ. ನಿಮ್ಮದು ಆಯಸ್ಕಾಂತದ ಬಗೆಯಾದರೆ ಇಂಪ್ಲಾಂಟ್ ಮೇಲಿನ ಲೋಹದ ತಟ್ಟೆ ಚಿತ್ರವನ್ನು ಮಸುಕು ಮಾಡಬಹುದು. ತಲೆ, ಕುತ್ತಿಗೆಯ ಸ್ಕ್ಯಾನ್ ಆಗಿದ್ದರೆ ಹಿಂದಿನ ದಿನವೇ ದಂತವೈದ್ಯರ ಬಳಿ ಹೋಗಿ ಆ ತಟ್ಟೆಯನ್ನು ಬಿಚ್ಚಿಸಿಕೊಂಡು ಬನ್ನಿ.